‘ಪಿತೂರಿ ಸಿದ್ಧಾಂತ’: ‘ಸಿದ್ಧಾಂತ’ ಎನ್ನಬಹುದೇ?

ಮಾನ್ಯರೇ,

ಮುಸ್ಲಿಂ ಸಮಾಜಗಳಲ್ಲಿ ಮಾಧ್ಯಮ ಮತ್ತು ಕಾನ್‌ಸ್ಪಿರಸಿ ಥಿಯರಿಗಳನ್ನು ಕುರಿತ ಸ್ನಾತಕೋತ್ತರ ಐಚ್ಛಿಕ ಪತ್ರಿಕೆಯೊಂದರ ಪಠ್ಯವಿವರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸೋಮವಾರ ಸಂಜೆಯೊಳಗೆ ಕರಡು ಒಪ್ಪಿಸಬೇಕು. ದಿನಪತ್ರಿಕೆಗಳು ‘ಪಿತೂರಿ ಸಿದ್ಧಾಂತ’ ಎಂದು ಬರೆಯುತ್ತವೆ. ಆದರೆ 2010ರಲ್ಲಿ ಈಜಿಪ್ಟಿನ ಶರ್ಮ್ ಅಲ್ ಶೇಖ್ ಕಡಲಲ್ಲಿ ಶಾರ್ಕ್ ದಾಳಿಗಳು ನಡೆದಾಗ, ಆ ಮೀನನ್ನು ಇಸ್ರೇಲಿನ ಗುಪ್ತಚರ ಸಂಸ್ಥೆ ಮೊಸಾದ್ ತಂದುಬಿಟ್ಟಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು ಎಂದು ಆ ಪ್ರಾಂತದ ಗವರ್ನರರೇ ಹೇಳಿದ್ದರು. ಅಂಥ ಮಾತಿಗೆ ‘ಸಿದ್ಧಾಂತ’ ಎಂದು ಬರೆಯಲು ಕೈ ಏಳುತ್ತಿಲ್ಲ. ಮೇಲಾಗಿ ‘ಪಿತೂರಿ’ಯ ಮೂಲ ಅರಬ್ಬಿ ಎನ್ನುತ್ತಾರೆ. ಈ ವಿಷಯಕ್ಕೆ ಅದನ್ನೇ ಬಳಸಿದರೆ ಕುಹಕವಾಗಿ ಕಂಡೀತೇ?

ಮರು:

‘ಒಳಸಂಚು’ ಇರುವಾಗ ಎರವಲಿನ ಹಂಗೇಕೆ? ‘ಒಳಸಂಚಿನ ಕತೆ’ ಎಂದು ಬರೆಯಿರಿ, ಮುಗಿಯಿತು. ಪೇಶ್ವೆಗಳ ಕಾಲದ ದಫ್ತರವನ್ನು ಇನ್ನೂ ಎಷ್ಟು ದಿನ ಹೊರುವುದು?

ಮರು:

ಮುಗಿಯಲಿಲ್ಲ. ಅರಬ್ಬಿಯ ‘ಫುತೂರ್’ ಎಂದರೆ ಜಡತೆ, ಸಡಿಲಿಕೆ. ಅದು ಮರಾಠಿಯಲ್ಲಿ ‘ಫಿತೂರ್’ ಆಗಿ ದ್ರೋಹದ ಅರ್ಥ ಪಡೆದು ನಮ್ಮಲ್ಲಿಗೆ ಬಂದಿತು. ತೆಲುಗಿನಲ್ಲಿ ಅದರ ಅರ್ಥ ದಂಗೆ ಎಂದಾಯಿತು (1922ರ ಅಲ್ಲೂರಿ ಸೀತಾರಾಮರಾಜು ಅವರ ಹೋರಾಟ ‘ರಂಪ ಪಿತೂರಿ’). ಇಂದಿನ ಅರಬ್ಬರು ಸಂಚಿಗೆ ‘ಮುಆಮರಾ’ ಎನ್ನುವುದರಿಂದ ನಮ್ಮ ‘ಪಿತೂರಿ’ಯಲ್ಲಿ ಅವರಿಗೆ ಅವರ ಪದದ ಗುರುತೇ ಸಿಗದು, ಕುಹಕದ ಅಂಜಿಕೆ ಬೇಡ. ಸಮ್ಮೇಳನಕ್ಕೆ ಅವರು ಹೇಳುವ ‘ಮುಅತಮರ್’ ಕೂಡ ಇದೇ ಧಾತುವಿನದು. ಕೂಡಿ ಆಲೋಚಿಸುವುದು ಸಂಚಾಗುವ ಈ ದಾರಿ ನಮಗೂ ಹೊಸದಲ್ಲ: ಹಿತವೆಂಬ ಅರ್ಥದ ಅರಬ್ಬಿ ಪದ ಸಮಾಲೋಚನೆಯ ಅರ್ಥ ಪಡೆದು ನಮ್ಮಲ್ಲಿ ‘ಮಸಲತ್ತು’ ಆಗಿ ಕುಳಿತಿದೆ.

ತೊಡಕಿರುವುದು ‘ಸಿದ್ಧಾಂತ’ದಲ್ಲಿ. ಸಿದ್ಧವಾಗಿ ಅಂತ ಮುಟ್ಟಿದ್ದು ಸಿದ್ಧಾಂತ. ಇಲ್ಲಿಯದು ಎಂದೂ ಸಿದ್ಧವಾಗದ ಸರಕು. ತುರ್ಕರು ಫ್ರೆಂಚಿನಿಂದ ‘ಕೊಂಪ್ಲೋ ತೆಓರಿಸಿ’ಯನ್ನು ಕಡ ತಂದು ಸುಮ್ಮನಾದರು. ಇರಾನಿನ ಪಾರ್ಸಿ ಭಾಷಿಕರು ‘ತವಹ್ಹುಮೆ ತೌತೆಏ’, ಅಂದರೆ ಸಂಚಿನ ಭ್ರಮೆ ಎಂದೂ ಹೇಳುತ್ತಾರೆ. ಎಲ್ಲದರ ಹಿಂದೆ ಇಂಗ್ಲಿಷರ ಕೈ ಕಾಣುವ ‘ದಾಯಿ ಜಾನ್ ನೆಪೋಲಿಯನ್’ ಎಂಬ ಪಾತ್ರ 1973ರ ಕಾದಂಬರಿಯಿಂದಲೂ 1976ರ ಟಿ.ವಿ. ಧಾರಾವಾಹಿಯಿಂದಲೂ ಹೊರಬಂದು ಅಂಥವರಿಗೆಲ್ಲ ಅಡ್ಡಹೆಸರಾದ ನಾಡು ಅದು. ಆದರೆ ಅದೇ ಇರಾನಿನಲ್ಲಿ 1953ರ ಆಗಸ್ಟಿನಲ್ಲಿ ಪ್ರಧಾನಿ ಮೊಸಾದ್ದೆಕ್ ಅವರ ಸರ್ಕಾರವನ್ನು ಉರುಳಿಸುವುದರ ಹಿಂದೆ ಬ್ರಿಟಿಷ್ ಮತ್ತು ಅಮೆರಿಕನ್ ಗುಪ್ತಚರರ ಕೈ ನಿಜವಾಗಿಯೂ ಇತ್ತು. 2013ರಲ್ಲಿ ಬಹಿರಂಗವಾದ ದಾಖಲೆಗಳಲ್ಲಿ ಸಿಐಎ ತನ್ನ ಪಾತ್ರವನ್ನು ಒಪ್ಪಿಕೊಂಡಿದೆ. ತುರ್ಕಿಯ ಸುಸುರ್ಲುಕ್‌ನಲ್ಲಿ 1996ರಲ್ಲಿ ಅಪಘಾತಕ್ಕೀಡಾದ ಒಂದೇ ಕಾರಿನಲ್ಲಿ ಹಿರಿಯ ಪೊಲೀಸ್ ಅಧಿಕಾರಿ, ಪೊಲೀಸರಿಗೆ ಬೇಕಾಗಿದ್ದ ಹಂತಕ ಮತ್ತು ಸಂಸತ್ ಸದಸ್ಯ ಇದ್ದರು. ‘ದೆರಿನ್ ದೆವ್ಲೆತ್’, ಆಳದ ಪ್ರಭುತ್ವ (ಸರ್ಕಾರದ ಮರೆಯಲ್ಲಿದ್ದು ಅಧಿಕಾರ ನಡೆಸುವ ಕೂಟ), ಎಂಬ ಮಾತು ಆಮೇಲೆ ಬರಿಯ ಗುಸುಗುಸುವಾಗಿ ಉಳಿಯಲಿಲ್ಲ. ಆದ್ದರಿಂದ ‘ಭ್ರಮೆ’ ಎಂದರೆ ವಿದ್ಯಾರ್ಥಿ ಪರಿಶೀಲಿಸುವ ಮೊದಲೇ ತೀರ್ಪು ಕೊಟ್ಟಂತೆ. ‘ಸಿದ್ಧಾಂತ’ ಎಂದರೆ ಪುರಾವೆ ಇಲ್ಲದಿದ್ದರೂ ಪಟ್ಟ ಕಟ್ಟಿದಂತೆ. ‘ಪಿತೂರಿ ಕಥನ’ ಎನ್ನಿ.

ಮರು:

‘ಕಥನ’ ಸಂಸ್ಕೃತ. ಎರವಲಿನ ಮೇಲೆ ಎರವಲು.

ಮರು:

‘ಎರವಲಿನ ಹಂಗು’ ಎಂದು ಬರೆದ ತಾವು ‘ದಫ್ತರ’ವನ್ನು ಎಲ್ಲಿಂದ ತಂದಿರಿ?

ಮರು:

ಕರಡನ್ನು ಇದೀಗ ಕಳುಹಿಸಿದೆ. ಪತ್ರಿಕೆಯ ಶೀರ್ಷಿಕೆಯಲ್ಲಿ ‘ಪಿತೂರಿ ಕಥನಗಳು’ ಎಂದಿದೆ. 1953ರಂತೆ ದಾಖಲೆಯಿಂದ ಸಾಬೀತಾದ ಕಡೆಗಳಲ್ಲಿ ಮಾತ್ರ ‘ಒಳಸಂಚು’ ಎಂದು ಬರೆದಿದ್ದೇನೆ.