ಟೆಕ್ನಿಷಿಯನ್ ಕೋರ್ಸಿಗೆ ಎನ್‌ಎಸ್‌ಎಫ್ ಗ್ರಾಂಟ್: ರೋಬೋ ಕೊಳ್ಳೋಕೆ ಹಣ ಸಿಗುತ್ತಾ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಹಾಸನದವನು. ಈಗ ಅಮೆರಿಕದ ಓಹಾಯೋದಲ್ಲಿ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಮೆಕಟ್ರಾನಿಕ್ಸ್ (ಯಂತ್ರ, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಮೂರೂ ಸೇರಿದ ವಿಷಯ) ಕಲಿಸುತ್ತಿದ್ದೇನೆ. ಎರಡು ವರ್ಷದ ಕೋರ್ಸು. ಲ್ಯಾಬಿನಲ್ಲಿರುವ ರೋಬೋ ತುಂಬಾ ಹಳೆಯದು. ಎನ್‌ಎಸ್‌ಎಫ್ ಅಂದರೆ ಇಲ್ಲಿನ ಸರ್ಕಾರದ ನ್ಯಾಷನಲ್ ಸೈನ್ಸ್ ಫೌಂಡೇಶನ್, ಟೆಕ್ನಿಷಿಯನ್‌ಗಳ ಶಿಕ್ಷಣಕ್ಕೆ ಕೊಡುವ ಎಟಿಇ ಗ್ರಾಂಟಿಗೆ ಅರ್ಜಿ ಹಾಕಿ ಅಂತ ನಮ್ಮ ಡೀನ್ ಹೇಳುತ್ತಿದ್ದಾರೆ. ಹೊಸ ರೋಬೋ ಬೇಕು ಅಂತ ಕೇಳಬಹುದಾ? ನನಗೆ ಪಿಎಚ್‌ಡಿ ಬೇರೆ ಇಲ್ಲ.

ಉತ್ತರ: ನಮಸ್ಕಾರ. ಮೊದಲು ಪಿಎಚ್‌ಡಿ ಚಿಂತೆ ಬಿಡಿ. ಯಾರು ಪಿಐ, ಅಂದರೆ ಪ್ರಾಜೆಕ್ಟಿನ ಮುಖ್ಯಸ್ಥರು, ಆಗಬೇಕು ಅನ್ನೋದನ್ನು ನಿಮ್ಮ ಕಾಲೇಜೇ ತೀರ್ಮಾನಿಸುತ್ತೆ. 1992ರ ಕಾಯ್ದೆಯಿಂದ ಹುಟ್ಟಿದ ಯೋಜನೆ ಇದು. ಎರಡು ವರ್ಷದ ಕಾಲೇಜುಗಳೇ ಮುಂದೆ ನಿಂತು ನಡೆಸಲಿ ಅಂತಾನೇ ಮಾಡಿದ್ದು. ಪಾಠ ಮಾಡುವ ನಿಮ್ಮಂಥವರಿಗಾಗಿಯೇ ಇದೆ.

ಇನ್ನು ರೋಬೋ. ಉಪಕರಣಕ್ಕೆ ಹಣ ಕೊಡೋದೇ ಇಲ್ಲ ಅಂತಲ್ಲ. ಆದರೆ ಅರ್ಜಿ ರೋಬೋದಿಂದ ಶುರುವಾದರೆ ಅದು ಖರೀದಿ ಪಟ್ಟಿಯ ಹಾಗೆ ಕಾಣುತ್ತೆ. ಹದಿನಾಲ್ಕು ವರ್ಷದಿಂದ ಗ್ರಾಂಟ್ ಆಫೀಸಿನಲ್ಲಿದ್ದೇನೆ, ಜಾಸ್ತಿ ಜನ ಎಡವೋದು ಇಲ್ಲೇ. ಮೊದಲು ನಿಮ್ಮ ಹುಡುಗರು ಕೆಲಸಕ್ಕೆ ಸೇರುವ ಫ್ಯಾಕ್ಟರಿಗೆ ಹೋಗಿ. ಎಚ್‌ಆರ್ ಹತ್ತಿರ ಅಲ್ಲ, ಮೆಂಟೆನೆನ್ಸ್ ಸೂಪರ್‌ವೈಸರ್ ಹತ್ತಿರ ಮಾತಾಡಿ.

ನಮ್ಮ ಮೇಷ್ಟ್ರೊಬ್ಬರ ಜೊತೆ ನಾನೂ ಹಾಗೆ ಹೋಗಿದ್ದೆ. ಅಲ್ಲಿನ ಸೂಪರ್‌ವೈಸರ್ ಕನ್ವೇಯರ್ ಪಕ್ಕದ ಪುಟ್ಟ ಸೆನ್ಸರ್ ತೋರಿಸಿದರು. ಅದರ ಕಣ್ಣಿನ ಮೇಲೆ ಎಣ್ಣೆ, ಧೂಳು. "ಇದು ಗಲೀಜಾದರೆ ಲೈನೇ ನಿಲ್ಲುತ್ತೆ. ಹೊಸ ಹುಡುಗರು ಲ್ಯಾಪ್‌ಟಾಪ್ ತೆಗೆದು ಪಿಎಲ್‌ಸಿ (ಯಂತ್ರಗಳನ್ನು ನಡೆಸುವ ಕಂಪ್ಯೂಟರ್) ಪ್ರೋಗ್ರಾಂ ನೋಡ್ತಾ ಕೂರ್ತಾರೆ. ಬಟ್ಟೆಯಲ್ಲಿ ಒರೆಸಿ ನೋಡೋಣ ಅಂತ ಯಾರಿಗೂ ಹೊಳೆಯಲ್ಲ" ಅಂದರು. ಆ ಮೇಷ್ಟ್ರು ಅರ್ಜಿ ಕಟ್ಟಿದ್ದು ಆ ಮಾತಿನ ಮೇಲೆ. ಬೇಕೆಂದೇ ಲೈನ್ ಕೆಡಿಸಿಟ್ಟು, ತಪ್ಪು ಹುಡುಕೋದನ್ನು ಕಲಿಸುವ ಹೊಸ ಕೋರ್ಸು. ಉಪಕರಣ ಅದರ ಹಿಂದೆ ಬಂತು. ಹಣವೂ ಬಂತು.

ಪ್ರಾಜೆಕ್ಟ್ ವಿವರಣೆಗೆ 15 ಪುಟ ಮಾತ್ರ ಇರೋದು. ಅದರಲ್ಲಿ ಯಾವ ಕೆಲಸಕ್ಕೆ ಜನ ಸಿಗುತ್ತಿಲ್ಲ, ಪಾಠದಲ್ಲಿ ಏನು ಬದಲಾಗುತ್ತೆ, ಬದಲಾಗಿದ್ದು ಹೇಗೆ ಗೊತ್ತಾಗುತ್ತೆ ಅನ್ನೋದು ನೇರವಾಗಿ ಬರಲಿ. ಫ್ಯಾಕ್ಟರಿಯವರ ಪತ್ರದಲ್ಲಿ ಸುಮ್ನೆ "ಒಳ್ಳೆಯ ಯೋಜನೆ" ಅಂತಿದ್ದರೆ ಸಾಲದು. ಇಷ್ಟು ಇಂಟರ್ನ್‌ಗಳನ್ನು ತೆಗೆದುಕೊಳ್ತೇವೆ ಅಂತ ಬರೆಸಿ.

ಪ್ರಶ್ನೆ: ತುಂಬಾ ಉಪಕಾರ ಮೇಡಂ. ಕಾಲೇಜೂ ಸ್ವಲ್ಪ ಹಣ ಹಾಕುತ್ತೆ ಅಂತ ತೋರಿಸಿದರೆ ಅನುಕೂಲ ಅಲ್ವಾ? ನನಗೆ ವಾರಕ್ಕೆ ಐದು ಕ್ಲಾಸ್ ಇದೆ, ಇದನ್ನೆಲ್ಲ ಯಾವಾಗ ಬರೆಯೋದು?

ಉತ್ತರ: ಹಾಗೆ ಮಾಡಲೇಬೇಡಿ. ಅವರು ಕೇಳದೆ ನೀವಾಗಿ ಬಜೆಟ್‌ನಲ್ಲಿ ಪಾಲು ತೋರಿಸೋದಕ್ಕೆ ಎನ್‌ಎಸ್‌ಎಫ್ ನಿಯಮದಲ್ಲಿ ಅವಕಾಶವೇ ಇಲ್ಲ. ಬದಲಿಗೆ, ಗ್ರಾಂಟ್ ಬಂದ ಮೇಲೆ ನಿಮಗೆ ಒಂದು ಕ್ಲಾಸ್ ಕಡಿಮೆಯಾಗುವ ಹಾಗೆ ಕೋರ್ಸ್ ರಿಲೀಸಿಗೆ ಹಣ ಕೇಳಿ. ಸಂಕೋಚ ಬೇಡ. ರಾತ್ರಿ ಹನ್ನೊಂದಕ್ಕೆ ಕೂತು ಸಿಲಬಸ್ ಬರೆದು ಸುಸ್ತಾದ ಮೇಷ್ಟ್ರುಗಳನ್ನು ನೋಡಿದ್ದೇನೆ, ಸಂಕಟ ಆಗುತ್ತೆ.

ಬರೆಯೋದಕ್ಕೆ ಮೆಂಟರ್-ಕನೆಕ್ಟ್ ಅಂತ ಇದೆ. ಸೌತ್ ಕ್ಯಾರೊಲೈನಾದ ಫ್ಲಾರೆನ್ಸ್-ಡಾರ್ಲಿಂಗ್ಟನ್ ಟೆಕ್ನಿಕಲ್ ಕಾಲೇಜಿನಿಂದ ಶುರುವಾಗಿದ್ದು. ಎಟಿಇಗೆ ಹೊಸಬರಾದ ಕಾಲೇಜುಗಳ ಜೊತೆ ಅನುಭವಸ್ಥರು ತಿಂಗಳುಗಟ್ಟಲೆ ಕೂತು ಅರ್ಜಿ ತಿದ್ದಿಸುತ್ತಾರೆ. ಸಾಮಾನ್ಯವಾಗಿ ಎಟಿಇ ಅರ್ಜಿಗೆ ಕೊನೆ ದಿನ ಅಕ್ಟೋಬರ್ ಮೊದಲ ಗುರುವಾರ. ಈ ಸಲದ ಪ್ರಕಟಣೆ ಒಮ್ಮೆ ನೋಡಿಕೊಳ್ಳಿ.

ನಾಳೆಯೇ ನಿಮ್ಮ ಅಕೌಂಟ್ಸ್‌ನವರನ್ನು ಒಂದು ಕೇಳಿ: ಸರ್ಕಾರದ ಗ್ರಾಂಟ್ ಕೇಳೋಕೆ ಬೇಕಾದ ಸ್ಯಾಮ್ ಡಾಟ್ ಗವ್ (SAM.gov) ವೆಬ್‌ಸೈಟಿನಲ್ಲಿ ಕಾಲೇಜಿನ ನೋಂದಣಿ ಚಾಲ್ತಿಯಲ್ಲಿದೆಯಾ? ಅದನ್ನು ಪ್ರತಿ ವರ್ಷ ನವೀಕರಿಸಬೇಕು.