ಹೊಸದಾಗಿ ಮನೆಗೆ ಬಂದ ಬಾಲ್ ಪೈಥಾನ್ ಬುಸುಗುಡುತ್ತಿದೆ, ಆಹಾರ ಮುಟ್ಟುತ್ತಿಲ್ಲ

ವಿದ್ಯಾನಗರದ ನಿವಾಸಿ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿದ್ದ ನನ್ನ ಸಹೋದ್ಯೋಗಿಯೊಬ್ಬರು ವಿದೇಶಕ್ಕೆ ಹೋಗಿ ನೆಲೆಸಬೇಕಾಗಿ ಬಂದದ್ದರಿಂದ, ತಾವು ಮರಿಯಿಂದ ಸಾಕಿದ್ದ ಬಾಲ್ ಪೈಥಾನ್ ಹಾವನ್ನು ಶಿವರಾತ್ರಿಗೆ ಸ್ವಲ್ಪ ಮೊದಲು ನನಗೆ ಒಪ್ಪಿಸಿದರು. ಅದು ಗಂಡು, ಉದ್ದ ಮೂರು ಅಡಿಗಿಂತ ತುಸು ಹೆಚ್ಚು, ತೂಕ ಸುಮಾರು 900 ಗ್ರಾಂ. ಅವರ ಮನೆಯಲ್ಲಿ ನಾನೇ ಎಷ್ಟೋ ಸಲ ಕೈಗೆತ್ತಿಕೊಂಡಿದ್ದೇನೆ. ಆಗ ಮಣಿಕಟ್ಟಿಗೆ ಸುತ್ತಿಕೊಂಡು ತಣ್ಣಗೆ ಇರುತ್ತಿದ್ದ ಪ್ರಾಣಿ ಅದು.

ಇಲ್ಲಿಗೆ ಬಂದ ಮೇಲೆ ಅದರ ರೀತಿಯೇ ಬದಲಾಗಿದೆ. ಅದಿರುವ ಗಾಜಿನ ಪೆಟ್ಟಿಗೆಯ ಮುಚ್ಚಳ ತೆರೆದ ಕೂಡಲೇ ಕುತ್ತಿಗೆಯನ್ನು ಡೊಂಕಾಗಿ ಹಿಂದಕ್ಕೆಳೆದುಕೊಂಡು ಬುಸುಗುಡುತ್ತದೆ. ಗಾಜಿನ ಹೊರಗೆ ಯಾರಾದರೂ ಓಡಾಡಿದರೆ ಒಳಗಿನಿಂದಲೇ ಎರಗುತ್ತದೆ. ರಾತ್ರಿಯಿಡೀ ಗಾಜಿನ ಅಂಚಿಗೆ ಮೂತಿ ಉಜ್ಜುತ್ತಾ ತಿರುಗುತ್ತದೆ. ಈಚೆಗೆ ಹಗಲೆಲ್ಲ ನೀರಿನ ಬಟ್ಟಲಿನಲ್ಲೇ ಸುರುಳಿ ಸುತ್ತಿ ಮಲಗಿರುತ್ತದೆ. ಕೋಳಿಮರಿಯನ್ನು ಕೊಟ್ಟು ನೋಡಿದೆ, ಮೂಸಿಯೂ ನೋಡಲಿಲ್ಲ. "ಅದಕ್ಕೊಂದೀಟು ಹಾಲರ ಇಡೋ, ಹಸದಿರ್ತೈತಿ" ಎಂದು ನಮ್ಮ ತಾಯಿ ದಿನಾಲೂ ಹೇಳುತ್ತಿದ್ದಾರೆ. ಅದಕ್ಕೆ ಇಲ್ಲಿನ ಹವೆ ಒಗ್ಗಿಲ್ಲವೋ, ಮಾಲೀಕರನ್ನು ಬಿಟ್ಟು ಬಂದದ್ದಕ್ಕೆ ಕೋಪವೋ, ರೋಗವೋ ಎಂಬುದು ನನಗೆ ತಿಳಿಯುತ್ತಿಲ್ಲ. ಬಲ್ಲವರು ದಯವಿಟ್ಟು ಮಾರ್ಗದರ್ಶನ ಮಾಡಬೇಕು.

ಗದಗಿನ ಹವ್ಯಾಸಿ

ಮನುಷ್ಯರ ಸ್ಪರ್ಶದ ರೂಢಿ ತಪ್ಪಿದೆ, ಅಷ್ಟೇ ಸರ್. ದಪ್ಪ ಕೈಗವಸು ಹಾಕಿಕೊಂಡು ದಿನಾಲೂ ಅರ್ಧ ಗಂಟೆ ಕೈಯಲ್ಲಿ ಹಿಡಿದುಕೊಳ್ಳಿ. ವಾರದೊಳಗೆ ಹಾದಿಗೆ ಬರುತ್ತದೆ.

ಸಪ್ತಾಪುರದ ಹಳಬ, ಧಾರವಾಡ

ಗದಗಿನ ಗೆಳೆಯರ ಕಾಳಜಿ ದೊಡ್ಡದು, ಆದರೆ ಈ ಸಲಹೆಯನ್ನು ಈಗ ಪಾಲಿಸಬಾರದು. ಹೆದರಿದ ಹಾವನ್ನು ದಿನಾಲೂ ಹಿಡಿದರೆ ಅದು ಪಳಗುವುದಿಲ್ಲ. ಮುಚ್ಚಳ ತೆರೆದಾಗಲೆಲ್ಲ ಹಿಡಿಯುವ ಕೈಯೊಂದು ಬರುತ್ತದೆ ಎಂಬುದನ್ನು ಕಲಿಯುತ್ತದೆ. ಹಾವಿಗೆ ಮಾಲೀಕರ ಮೇಲಿನ ಕೋಪವೂ ಇಲ್ಲ, ಅಗಲಿಕೆಯ ದುಃಖವೂ ಇಲ್ಲ. ಅದರ ನಡವಳಿಕೆಯನ್ನು ಅದರ ಸ್ವಭಾವವೆಂದು ತಿಳಿಯದೆ, ಅದಿರುವ ಪೆಟ್ಟಿಗೆಯ ಸ್ಥಿತಿಯ ವರದಿ ಎಂದು ತಿಳಿದರೆ ಅರ್ಧ ಗಂಟು ಬಿಚ್ಚಿದಂತೆ. ತಾಯಿಯವರಿಗೆ ಹೇಳಿ: ಯಾವ ಹಾವೂ ಹಾಲನ್ನು ಜೀರ್ಣಿಸಿಕೊಳ್ಳಲಾರದು. ಬಾಯಾರಿದ ಹಾವು ಎದುರಿಗಿರುವುದು ಹಾಲೆಂದು ನೋಡದೆ ಕುಡಿದು ಕಾಯಿಲೆ ಬೀಳುತ್ತದೆ. ಶುದ್ಧ ನೀರು ಸಾಕು.

ಈ ಕೆಳಗಿನವುಗಳನ್ನು ನೋಡಿ ಬರೆಯಿರಿ. ಶಾಖವನ್ನು ಯಾವುದರಿಂದ ಅಳೆಯುತ್ತಿದ್ದೀರಿ, ಅಳೆಯುವ ಸಾಧನ ಎಲ್ಲಿ ಅಂಟಿದೆ? ಪೆಟ್ಟಿಗೆಯ ಅಡಿಗೆ ಹಾಕುವ ಹೀಟ್ ಮ್ಯಾಟ್‌ಗೆ (ವಿದ್ಯುತ್ತಿನಿಂದ ಬಿಸಿಯಾಗುವ ಹಾಸು) ಥರ್ಮೋಸ್ಟಾಟ್, ಅಂದರೆ ಶಾಖವನ್ನು ಹತೋಟಿಯಲ್ಲಿಡುವ ಸಾಧನ, ಇದೆಯೇ? ಅಡಗಲು ಎಷ್ಟು ತಾವುಗಳಿವೆ, ಅವು ಪೆಟ್ಟಿಗೆಯ ಯಾವ ತುದಿಯಲ್ಲಿವೆ? ಹಳೆಯ ಮನೆಯಲ್ಲಿ ಅದು ಏನು ತಿನ್ನುತ್ತಿತ್ತು? ಕಣ್ಣು ಹಾಲುಗಟ್ಟಿದಂತೆ ನೀಲಿಯಾಗಿದೆಯೇ? ನೀರಿನ ಬಟ್ಟಲಿನ ತಳದಲ್ಲಿ ಗಸಗಸೆಯಷ್ಟು ಸಣ್ಣ ಕಪ್ಪು ಚುಕ್ಕೆಗಳು ಕಾಣುತ್ತವೆಯೇ? ಬಾಯಿ ತೆರೆದು ಉಸಿರಾಡುವುದು, ಮೂಗಿನಲ್ಲಿ ಗುಳ್ಳೆ ಬರುವುದು, ಉಸಿರಿನಲ್ಲಿ ಗೊರಗೊರ ಸದ್ದು ಬರುವುದು ಇದೆಯೇ? ಕೊನೆಯದಾಗಿ, ಪೆಟ್ಟಿಗೆಯ ಸುತ್ತಮುತ್ತ ಏನೇನಿದೆ?

ವಿದ್ಯಾನಗರದ ನಿವಾಸಿ, ಹುಬ್ಬಳ್ಳಿ

ತಾವು ಹೇಳಿದಂತೆ ಒಂದೊಂದಾಗಿ ನೋಡಿದೆ. ಗಾಜಿಗೆ ಅಂಟಿಸಿದ ಪಟ್ಟಿ ಥರ್ಮಾಮೀಟರ್ 28 ಡಿಗ್ರಿ ತೋರಿಸುತ್ತದೆ. ಥರ್ಮೋಸ್ಟಾಟ್ ಸಹೋದ್ಯೋಗಿಯ ಸಾಮಾನಿನೊಂದಿಗೆ ಬೆಂಗಳೂರಿನಲ್ಲೇ ಉಳಿದಿರುವುದರಿಂದ ಮ್ಯಾಟನ್ನು ನೇರವಾಗಿ ಪ್ಲಗ್ಗಿಗೆ ಹಾಕಿದ್ದೇವೆ. ತಮ್ಮ ಪ್ರಶ್ನೆಯನ್ನು ಓದಿದ ಮೇಲೆ, ವೈರಿನ ತುದಿಯಲ್ಲಿ ಪ್ರೋಬ್ (ಶಾಖ ಗುರುತಿಸುವ ತುದಿ) ಇರುವ ಡಿಜಿಟಲ್ ಥರ್ಮಾಮೀಟರ್ ತಂದು, ಮ್ಯಾಟಿನ ಮೇಲೆ ಹಾಸಿದ ಕೊಕೊಪೀಟನ್ನು (ತೆಂಗಿನ ನಾರಿನ ಪುಡಿಯನ್ನು) ಸರಿಸಿ ಗಾಜಿನ ತಳಕ್ಕೆ ಇಟ್ಟು ನೋಡಿದಾಗ 43 ಡಿಗ್ರಿ ತೋರಿಸಿತು! ತೇವಾಂಶ ಶೇಕಡಾ 32 ಇದೆ.

ಅಡಗುವ ತಾವು ಒಂದೇ, ಬೂಟಿನ ಡಬ್ಬಿಯಷ್ಟು ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆ. ಅದು ತಂಪಿನ ತುದಿಯಲ್ಲಿದೆ. ಹಿಂದೆ ಅದಕ್ಕೆ ಫ್ರೀಜ್ ಮಾಡಿಟ್ಟ ಇಲಿಯನ್ನು ಕರಗಿಸಿ ಕೊಡುತ್ತಿದ್ದರಂತೆ. ನನಗೆ ಕೂಡಲೇ ಸಿಗಲಿಲ್ಲವೆಂದು ಕೋಳಿಮರಿ ತಂದೆ. ಕಣ್ಣು ತಿಳಿಯಾಗಿದೆ, ಕಪ್ಪು ಚುಕ್ಕೆಗಳಿಲ್ಲ, ಉಸಿರು ಸರಿಯಾಗಿದೆ. ಪೆಟ್ಟಿಗೆಯು ಪಡಸಾಲೆಯಲ್ಲಿ ಕಬ್ಬಿಣದ ಸ್ಟ್ಯಾಂಡಿನ ಮೇಲಿದೆ. ಗೋಡೆಯ ಆಚೆಗೆ ಬಟ್ಟೆ ಒಗೆಯುವ ಯಂತ್ರವಿದೆ, ಕೆಳಗಿನ ಮಳಿಗೆಯಲ್ಲಿ ಹಿಟ್ಟಿನ ಗಿರಣಿ ಇದೆ. ಓಣಿಯ ಹುಡುಗರು ಸಂಜೆ ಹಾವು ನೋಡಲು ಬರುತ್ತಾರೆ.

ಸಪ್ತಾಪುರದ ಹಳಬ, ಧಾರವಾಡ

ರೋಗವನ್ನು ಹುಡುಕುವ ಅಗತ್ಯ ಸದ್ಯಕ್ಕೆ ಕಾಣುವುದಿಲ್ಲ. ಮೊದಲು ಮ್ಯಾಟಿನ ಪ್ಲಗ್ಗನ್ನು ಈ ಕ್ಷಣ ತೆಗೆಯಿರಿ. ಗಾಜಿಗೆ ಅಂಟಿದ ಪಟ್ಟಿಯು ಗಾಜಿನ ಶಾಖವನ್ನು ಹೇಳುತ್ತದೆಯೇ ಹೊರತು, ಹಾವಿನ ಹೊಟ್ಟೆ ತಾಗುವ ಜಾಗದ ಶಾಖವನ್ನಲ್ಲ. ಮ್ಯಾಟಿನ ಮೇಲೆ ಕೊಕೊಪೀಟ್ ದಪ್ಪವಾಗಿದ್ದಷ್ಟೂ ಶಾಖ ಅಡಿಯಲ್ಲೇ ಸಿಕ್ಕಿಬೀಳುತ್ತದೆ. ಹಾವು ಬಗೆದುಕೊಂಡು ತಳಕ್ಕೆ ಇಳಿದಾಗ ನೇರವಾಗಿ ಆ 43 ಡಿಗ್ರಿಯ ಮೇಲೆ ಮಲಗುತ್ತದೆ. ಬಾಲ್ ಪೈಥಾನ್‌ಗೆ ಬಿಸಿ ತುದಿಯಲ್ಲಿ 31ರಿಂದ 33, ತಂಪಿನ ತುದಿಯಲ್ಲಿ 24ರಿಂದ 27 ಡಿಗ್ರಿ ಸೆಲ್ಸಿಯಸ್ ಇರಬೇಕು. ತೇವಾಂಶ ಶೇಕಡಾ 55ರಿಂದ 70ರವರೆಗೆ ಇದ್ದರೆ ಒಳ್ಳೆಯದು. ಶಿವರಾತ್ರಿಗೆ ಚಳಿ "ಶಿವ ಶಿವ" ಎಂದು ಓಡಿಹೋಗಿರುವುದರಿಂದ, ಹೊಸ ಥರ್ಮೋಸ್ಟಾಟ್ ಬರುವವರೆಗೆ ಕೋಣೆಯ ಶಾಖವೇ ಅದಕ್ಕೆ ಸಾಕು. ಬಂದ ಮೇಲೆ 32ಕ್ಕೆ ಹೊಂದಿಸಿ, ಅದರ ಪ್ರೋಬನ್ನು ಮ್ಯಾಟಿಗೂ ಗಾಜಿನ ತಳಕ್ಕೂ ನಡುವೆ ಅಲುಗಾಡದಂತೆ ಅಂಟಿಸಿ, ಮೇಲಿನ ಪದರವನ್ನು ತೆಳುವಾಗಿಡಿ. ಹಾವಿನ ಹೊಟ್ಟೆಯ ಹುರುಪೆಗಳು ಕೆಂಪಾಗಿವೆಯೇ, ಕಂದಾಗಿ ಉಬ್ಬಿವೆಯೇ ಎಂಬುದನ್ನು ಅದು ಗಾಜಿಗೆ ಒರಗಿ ಏರುವಾಗ ಹೊರಗಿನಿಂದಲೇ ನೋಡಿ. ಹಾಗಿದ್ದರೆ ಸುಟ್ಟ ಗಾಯವೆಂದೇ ತಿಳಿದು ಪಶುವೈದ್ಯರಲ್ಲಿಗೆ ಒಯ್ಯಬೇಕು. ಹೊರಡುವ ಮೊದಲು, ಸರೀಸೃಪಗಳನ್ನು ನೋಡುತ್ತಾರೆಯೇ ಎಂದು ಫೋನಿನಲ್ಲಿ ಕೇಳಿಕೊಳ್ಳುವುದು ಲೇಸು, ಏಕೆಂದರೆ ನಮ್ಮ ಕಡೆಯ ಹೆಚ್ಚಿನ ವೈದ್ಯರ ಕೈ ಪಳಗಿರುವುದು ದನಕರುಗಳಲ್ಲಿ ಮತ್ತು ನಾಯಿಗಳಲ್ಲಿ.

ಈಗ ನೀರಿನ ಬಟ್ಟಲಿನ ಗುಟ್ಟು ತಾನಾಗಿಯೇ ಬಿಡುತ್ತದೆ. ಹಾವು ನೀರಿನಲ್ಲಿ ಬಿದ್ದಿರಲು ಸಾಮಾನ್ಯವಾಗಿ ಮೂರು ಕಾರಣಗಳಿರುತ್ತವೆ: ಮೈಗೆ ಮೈಟ್ (ರಕ್ತ ಹೀರುವ ಸಣ್ಣ ಹುಳು) ಹತ್ತಿರುವುದು, ಪೊರೆ ಬಿಡುವ ಹೊತ್ತು, ಇಲ್ಲವೇ ಸೆಕೆ ಮತ್ತು ಒಣಗಾಳಿ. ಕಪ್ಪು ಚುಕ್ಕೆಗಳಿಲ್ಲ, ಕಣ್ಣು ತಿಳಿಯಾಗಿದೆ ಎಂದು ನೋಡಿ ಮೊದಲ ಎರಡನ್ನು ತಾವು ತಳ್ಳಿಹಾಕಿದ್ದೀರಿ. ಕೊಕೊಪೀಟಿನ ಒಂದೆರಡು ಮೂಲೆಗಳಿಗೆ ನೀರು ಸುರಿದು ಅಡಿಭಾಗ ನೆನೆದು ಮೇಲ್ಭಾಗ ಒಣಗಿರುವಂತೆ ಮಾಡಿ. ಜಾಲರಿಯ ಮುಚ್ಚಳದ ಮುಕ್ಕಾಲು ಭಾಗವನ್ನು ಮುಚ್ಚಿ. ದಿನವೂ ಪಿಚಕಾರಿಯಿಂದ ಸಿಂಪಡಿಸುವುದು ಕಣ್ಣಿಗೆ ತೃಪ್ತಿ ಕೊಡುತ್ತದೆ, ಆದರೆ ಗಂಟೆಯೊಳಗೆ ಆರಿಹೋಗುತ್ತದೆ, ಹಾವಿಗೂ ಕಿರಿಕಿರಿ.

ಇನ್ನು ಅಡಗುವ ತಾವು. ಇದು ಪಶ್ಚಿಮ ಮತ್ತು ಮಧ್ಯ ಆಫ್ರಿಕದ ಹುಲ್ಲುಗಾವಲು ಮತ್ತು ಹೊಲದಂಚುಗಳ ಹಾವು. ಹಗಲನ್ನು ಇಲಿಗಳ ಬಿಲದಲ್ಲೋ ಹುತ್ತದಲ್ಲೋ ಕಳೆದು ರಾತ್ರಿ ಹೊರಬೀಳುವ ಪ್ರಾಣಿ. ಸುತ್ತಲಿನ ಗೋಡೆ ಮೈಗೆ ಒತ್ತಿಕೊಂಡಿದ್ದಾಗ ಮಾತ್ರ ಅದಕ್ಕೆ ಭದ್ರವೆನಿಸುತ್ತದೆ. ತಮ್ಮ ಪೆಟ್ಟಿಗೆಯಲ್ಲಿ ಅಡಗುವ ತಾವು ತಂಪಿನಲ್ಲಿದೆ, ಶಾಖ ಬಯಲಿನಲ್ಲಿದೆ. ಹೀಗಾಗಿ ಅದು ಬೆಚ್ಚಗಾಗಬೇಕೆಂದರೆ ಬಯಲಿಗೆ ಬರಬೇಕು, ಬಯಲಿಗೆ ಬಂದರೆ ಓಣಿಯ ಹುಡುಗರ ಮುಖಗಳನ್ನು ನೋಡಬೇಕು. ಎರಡೂ ತುದಿಗಳಿಗೆ ಒಂದೇ ಅಳತೆಯ ಎರಡು ತಾವುಗಳನ್ನಿಡಿ. ಕುಂಬಾರರ ಮಣ್ಣಿನ ಕುಂಡವನ್ನು ಬೋರಲು ಹಾಕಿ, ಕಂಠದಲ್ಲಿ ಹಾವು ನುಸುಳುವಷ್ಟು ಒಡೆದು, ಅಂಚನ್ನು ಉಜ್ಜುಗಾಗದದಿಂದ ನುಣುಪು ಮಾಡಿದರೆ ಅಂಗಡಿಯ ಸಾಮಾನಿಗಿಂತ ಚೆನ್ನಾಗಿರುತ್ತದೆ. ಸುರುಳಿ ಸುತ್ತಿದ ಹಾವು ಅದರಲ್ಲಿ ತುಂಬಿಕೊಂಡಂತೆ ಕಾಣಬೇಕು. ಬೂಟಿನ ಡಬ್ಬಿ ಅದಕ್ಕೆ ಪಡಸಾಲೆಯೇ ಸರಿ. ಪೆಟ್ಟಿಗೆಯ ಮೂರು ಬದಿಗೆ ಹೊರಗಿನಿಂದ ಕಪ್ಪು ಕಾಗದ ಅಂಟಿಸಿ. ಮೂತಿ ಉಜ್ಜುವುದು ಇಷ್ಟರಿಂದಲೇ ಬಹಳ ಕಡಿಮೆಯಾಗುತ್ತದೆ.

ಹಾವಿಗೆ ಹೊರಗಿವಿ ಇಲ್ಲ, ಆದರೆ ಒಳಗಿವಿ ಇದೆ. ನೆಲದ ಅದುರುವಿಕೆಯನ್ನೂ ತಗ್ಗಿನ ದನಿಯನ್ನೂ ಅದು ಚೆನ್ನಾಗಿ ಗ್ರಹಿಸುತ್ತದೆ. ಕೆಳಗೆ ಗಿರಣಿ, ಪಕ್ಕದಲ್ಲಿ ಯಂತ್ರ, ಮೇಲೆ ಕಬ್ಬಿಣದ ಸ್ಟ್ಯಾಂಡು ಎಂದರೆ ದಿನವಿಡೀ ಯಾರೋ ಬಿಲವನ್ನು ಬಡಿಯುತ್ತಿದ್ದಂತೆ. ಒಳಕೋಣೆಯಲ್ಲಿ ಗಟ್ಟಿಯಾದ ಕಟ್ಟಿಗೆಯ ಮೇಜಿಗೆ ಒಂದೇ ಸಲ ಸ್ಥಳಾಂತರಿಸಿ, ಆಮೇಲೆ ಕದಲಿಸಬೇಡಿ. ಕನಿಷ್ಠ ಒಂದು ವಾರ ನೀರು ಬದಲಿಸುವುದನ್ನೂ ಹಿಕ್ಕೆ ತೆಗೆಯುವುದನ್ನೂ ಬಿಟ್ಟು ಬೇರೆ ಯಾವುದಕ್ಕೂ ಕೈ ಹಾಕಬೇಡಿ, ಆಹಾರವನ್ನೂ ಕೊಡಬೇಡಿ. ಚೆನ್ನಾಗಿ ಮೈತುಂಬಿಕೊಂಡಿರುವ 900 ಗ್ರಾಂ ಹಾವಿಗೆ ಕೆಲವು ವಾರಗಳ ಉಪವಾಸ ಏನೂ ಅಲ್ಲ. ಅದರ ತೂಕ 90 ಗ್ರಾಂನಷ್ಟು ಇಳಿದರೆ ಮಾತ್ರ ಚಿಂತಿಸಬೇಕು.

ಹಾವೇರಿಯ ಓದುಗ

ಚರ್ಚೆಯನ್ನು ಆಸಕ್ತಿಯಿಂದ ಓದುತ್ತಿದ್ದೇನೆ. ನಮ್ಮ ಹೊಲದಲ್ಲಿ ಮಣ್ಣುಮುಕ್ಕ ಹಾವೊಂದು ಸಿಕ್ಕಿದೆ, ಬಹಳ ಸಾಧುವಾಗಿದೆ. ಇದನ್ನೂ ಇದೇ ಕ್ರಮದಲ್ಲಿ ಸಾಕಬಹುದೇ?

ಸಪ್ತಾಪುರದ ಹಳಬ, ಧಾರವಾಡ

ಸಾಕುವಂತಿಲ್ಲ. ಮಣ್ಣುಮುಕ್ಕ, ಕೇರೆ, ನಾಗರ, ಹೆಬ್ಬಾವು ಮೊದಲಾದ ನಮ್ಮ ನೆಲದ ಹಾವುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ; ಅವುಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ. ಮಣ್ಣುಮುಕ್ಕನಿಗೆ ಅದೃಷ್ಟ ತರುವ ಎರಡು ತಲೆಯ ಹಾವೆಂಬ ಹೆಸರು ಹಚ್ಚಿ ಲಕ್ಷಗಟ್ಟಲೆ ಬೆಲೆ ಹೇಳುವ ವಂಚಕರ ಜಾಲವೂ ನಮ್ಮ ಭಾಗದಲ್ಲಿ ಇರುವುದರಿಂದ, ಇಟ್ಟುಕೊಂಡವರ ಮೇಲೆ ಅನುಮಾನ ಬೇಗ ಬರುತ್ತದೆ. ಅದು ಹೊಲದ ಇಲಿಗಳನ್ನು ತಿಂದುಕೊಂಡು ಇರಲಿ, ಸಿಕ್ಕ ಜಾಗದಲ್ಲೇ ಬಿಟ್ಟುಬಿಡಿ.

ಬಾಲ್ ಪೈಥಾನ್ ವಿದೇಶಿ ಪ್ರಭೇದ. ಅದು ಸೈಟಿಸ್ ಎಂಬ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಒಪ್ಪಂದದ ಎರಡನೆಯ ಅನುಬಂಧದಲ್ಲಿರುವುದರಿಂದ, ಕಾಯ್ದೆಯ 2022ರ ತಿದ್ದುಪಡಿ ಮತ್ತು 2024ರ ನೋಂದಣಿ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಣಿ ಆಗಬೇಕು. ವಿದ್ಯಾನಗರದವರೇ, ಹಾವು ತಮ್ಮ ಕೈಗೆ ಬಂದ 30 ದಿನಗಳೊಳಗೆ ತಾವು ಅರ್ಜಿ ಹಾಕಬೇಕು. ಹಳೆಯ ಮಾಲೀಕರು ವಿಮಾನ ಹತ್ತುವ ಮೊದಲೇ ಅವರ ನೋಂದಣಿ ಪತ್ರವನ್ನೂ ಹಸ್ತಾಂತರದ ಕಾಗದವನ್ನೂ ಪಡೆದುಕೊಳ್ಳಿ. ಹಾವು ತಿನ್ನದಿದ್ದರೆ ಕಾಯಬಹುದು, ಇದಕ್ಕೆ ಕಾಯಲಾಗದು.

ವಿದ್ಯಾನಗರದ ನಿವಾಸಿ, ಹುಬ್ಬಳ್ಳಿ

ಅರ್ಜಿ ಸಲ್ಲಿಸಿದ್ದೇನೆ. ಪೆಟ್ಟಿಗೆಯನ್ನು ಒಳಕೋಣೆಗೆ ಸ್ಥಳಾಂತರಿಸಿ, ಎರಡು ಕುಂಡಗಳನ್ನಿಟ್ಟು, ಹುಡುಗರಿಗೆ ಹಬ್ಬ ಮುಗಿಯುವವರೆಗೆ ಬರಬೇಡಿ ಎಂದು ಹೇಳಿದ್ದೇನೆ. ಹೊಟ್ಟೆಯಲ್ಲಿ ಗಾಯವೇನೂ ಕಾಣಲಿಲ್ಲ. ಹಾವು ನೀರಿನ ಬಟ್ಟಲನ್ನು ಬಿಟ್ಟು ಬಿಸಿ ತುದಿಯ ಕುಂಡವನ್ನು ಹಿಡಿದಿದೆ. ಸಂಜೆ ಕಂಠದ ಒಡಕಿನಲ್ಲಿ ಮೂತಿಯೊಂದೇ ಕಾಣುತ್ತದೆ, ನಾಲಗೆ ನಿಧಾನವಾಗಿ ಆಡುತ್ತಿರುತ್ತದೆ. ನೀರು ಬದಲಿಸುವಾಗ ಬುಸುಗುಡುವುದು ನಿಂತಿದೆ. ಫ್ರೀಜ್ ಮಾಡಿದ ಇಲಿಗಳೂ ಸಿಕ್ಕಿವೆ. ತಾಯಿಯವರು ಅಡುಗೆಮನೆಯ ಫ್ರಿಜ್ಜಿನಲ್ಲಿ ಇಡಗೊಡದ ಕಾರಣ ಬೇರೆಯದೇ ಒಂದು ಸಣ್ಣ ಫ್ರಿಜ್ಜನ್ನು ಹಳೆಯ ಸಾಮಾನಿನ ಅಂಗಡಿಯಿಂದ ತಂದಿದ್ದೇನೆ. ಆಹಾರ ಕೊಡುವ ಕ್ರಮ ಹೇಗೆ? ಇನ್ನೊಂದು ಚಿಂತೆ: ಹೋಳಿಯಿಂದ ರಂಗಪಂಚಮಿಯವರೆಗೆ ನಮ್ಮ ಓಣಿಯಲ್ಲಿ ಕಾಮಣ್ಣನ ಮುಂದೆ ಹಲಗೆಯ ಬಡಿತ ಜೋರಾಗಿರುತ್ತದೆ. ಅಷ್ಟು ದಿನ ಹಾವನ್ನು ನವಲೂರಿನ ಬಂಧುಗಳ ಮನೆಗೆ ಒಯ್ಯಲೇ?

ಸಪ್ತಾಪುರದ ಹಳಬ, ಧಾರವಾಡ

ಸುಮಾರು 50ರಿಂದ 70 ಗ್ರಾಂ ತೂಗುವ ಇಲಿಯನ್ನು ಆರಿಸಿ, ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಭಾಗಕ್ಕೆ ಇಳಿಸಿ ಕರಗಲು ಬಿಡಿ. ಕೊಡುವ ಮುನ್ನ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿನೀರಿನಲ್ಲಿ ಇಟ್ಟು, ಮೈ 38 ಡಿಗ್ರಿಯ ಆಸುಪಾಸಿಗೆ ಬಂದ ಮೇಲೆ ಒರೆಸಿ ತೆಗೆಯಿರಿ. ಮೈಕ್ರೋವೇವ್ ಒಲೆಯನ್ನು ಬಳಸಲೇಬಾರದು. ಈ ಹಾವಿನ ಮೇಲ್ದುಟಿಯ ಗುಳಿಗಳು ಶಾಖವನ್ನು ಗುರುತಿಸುತ್ತವೆ. ತಣ್ಣಗಿರುವ ಇಲಿ ಅದರ ಪಾಲಿಗೆ ಬೇಟೆಯೇ ಅಲ್ಲ. ಕತ್ತಲಾದ ಮೇಲೆ ಉದ್ದನೆಯ ಇಕ್ಕಳದಿಂದ ಹಿಡಿದು, ಕುಂಡದ ಬಾಯಿಯಿಂದ ಒಂದು ಗೇಣು ದೂರದಲ್ಲಿ ತುಸು ಅಲುಗಿಸಿ. ಹಿಡಿಯದಿದ್ದರೆ ಅಲ್ಲೇ ಇಟ್ಟು ದೀಪ ಆರಿಸಿ ಹೊರಗೆ ಬನ್ನಿ. ಬೆಳಿಗ್ಗೆಯೂ ಉಳಿದಿದ್ದರೆ ಎಸೆದು, ಮುಂದಿನ ಪ್ರಯತ್ನವನ್ನು ಒಂದು ವಾರದ ನಂತರ ಮಾಡಿ. ಜೀವಂತ ಇಲಿಯನ್ನು ಬಿಟ್ಟುಬರುವ ಆಸೆ ಬೇಡ, ಹಸಿದ ಇಲಿ ಹಾವನ್ನೇ ಕಡಿದು ಗಾಯ ಮಾಡುತ್ತದೆ.

ತಿಂದ ಮೇಲೆ 48 ಗಂಟೆ ಮುಟ್ಟಬೇಡಿ, ಇಲ್ಲದಿದ್ದರೆ ಕಾರಿಕೊಳ್ಳುತ್ತದೆ. ಎರಡು ಮೂರು ಊಟ ಸರಿಯಾಗಿ ನಡೆದ ಬಳಿಕ ಕೈಗೆತ್ತಿಕೊಳ್ಳಬಹುದು. ಮೇಲಿನಿಂದ ಕೈ ಇಳಿಸದೆ, ಪಕ್ಕದಿಂದ ನಡುಮೈಯ ಅಡಿಗೆ ಕೈ ಸರಿಸಿ ಎತ್ತಿ, ಮೊದಲ ಕೆಲವು ಸಲ ಹತ್ತು ನಿಮಿಷ ಮೀರದಂತೆ ನೋಡಿಕೊಳ್ಳಿ. ಗದಗಿನ ಗೆಳೆಯರು ಹೇಳಿದ ರೂಢಿ ಮಾಡಿಸುವ ಕೆಲಸ ಆಗ ಶುರುವಾಗಲಿ, ಕೈಗವಸಿಲ್ಲದೆ. ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯುವುದು ಕಡ್ಡಾಯ, ಸಾಲ್ಮೊನೆಲ್ಲಾ ಸೋಂಕು ಹಾವಿನಿಂದ ಮನುಷ್ಯರಿಗೆ ದಾಟಬಲ್ಲದು.

ನವಲೂರಿಗೆ ಒಯ್ಯಬೇಡಿ. ಈಗಷ್ಟೇ ಹಿಡಿದ ಬಿಲವನ್ನು ಬಿಡಿಸಿ ಒಯ್ದರೆ ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಹಲಗೆಯ ಬಡಿತ ಕೆಲವು ದಿನಗಳದ್ದು, ಸ್ಥಳ ಬದಲಾವಣೆಯ ಪೆಟ್ಟು ವಾರಗಟ್ಟಲೆ ಇರುತ್ತದೆ. ಮೇಜಿನ ಮೇಲೆ ಪೆಟ್ಟಿಗೆಯ ಅಡಿಗೆ ಥರ್ಮೋಕೋಲ್ ಹಲಗೆಯನ್ನೂ, ಮೇಜಿನ ಕಾಲುಗಳ ಅಡಿಗೆ ಹಳೆಯ ಕೌದಿಯನ್ನು ನಾಲ್ಕು ಮಡಿಕೆ ಮಾಡಿಯೂ ಇಡಿ, ಬೀದಿಯ ಕಡೆಯ ಕಿಟಕಿಯನ್ನು ಮುಚ್ಚಿ. ಹಾಗೆ ಮಾಡುವಾಗ ಮ್ಯಾಟಿನ ಸುತ್ತ ಮಾತ್ರ ಥರ್ಮೋಕೋಲನ್ನು ಕತ್ತರಿಸಿ ಗಾಳಿಗೆ ಜಾಗ ಬಿಡಿ. ಆ ದಿನಗಳಲ್ಲಿ ಊಟ ಕೊಡಬೇಡಿ. ರಂಗಪಂಚಮಿ ಕಳೆದ ಮೂರನೆಯ ರಾತ್ರಿ ಇಲಿಯನ್ನು ಕೊಟ್ಟು ನೋಡಿ.