ಹಿಂಜವಡಿಯ ಕಂಪನಿ, ಏಳು ತಿಂಗಳ ಮಗು, ರಾತ್ರಿ ಎಂಟೂವರೆಯ ಕರೆ: ಏನನ್ನು ಕೇಳಿಕೊಳ್ಳಲಿ?

ವಾಕಡದ ಧಾರವಾಡದವಳು:

ಪುಣೆಯ ದೊಡ್ಡ ಕಂಪನಿಗಳಲ್ಲಿ ದುಡಿಯುವ ತಾಯಂದಿರಿಗೆ, ಎಚ್‌ಆರ್ ವಿಭಾಗದ ಒಳಗುಟ್ಟು ಬಲ್ಲವರಿಗೆ ಒಂದು ಪ್ರಶ್ನೆ.

ಹಿಂಜವಡಿ ಮೂರನೆಯ ಹಂತದಲ್ಲಿ ನನ್ನ ಕಚೇರಿ. 26 ವಾರಗಳ ಹೆರಿಗೆ ರಜೆ ಮುಗಿಸಿ ಕಳೆದ ತಿಂಗಳು ಮರಳಿದ್ದೇನೆ. ಮೇಲ್ನೋಟಕ್ಕೆ ದೂರುವಂಥದ್ದು ಏನೂ ಇಲ್ಲ. ಆವರಣದಲ್ಲೇ ಕ್ರೆಶ್, ಅಂದರೆ ನೌಕರರ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರ, ಇದೆ. ಎದೆಹಾಲು ತೆಗೆದಿಡಲು ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಕೋಣೆ, ಅಲ್ಲೊಂದು ಪುಟ್ಟ ಫ್ರಿಜ್. ವಾರದಲ್ಲಿ ಎರಡು ದಿನ ಮನೆಯಿಂದ ಕೆಲಸ. ಮನಸ್ಸು ಕುಗ್ಗಿದರೆ ಮಾತಾಡಲು ಸಹಾಯವಾಣಿ, ಬುಧವಾರ ಯೋಗ. ಯೋಗಕ್ಕೆ ಹೋದವರನ್ನು ನಾನಂತೂ ಕಂಡಿಲ್ಲ.

ತೊಡಕಿರುವುದು ಸಂಜೆಯಲ್ಲಿ. ಕ್ರೆಶ್ 6.30ಕ್ಕೆ ಮುಚ್ಚುತ್ತದೆ. ಬಸ್ಸು ಭೂಮಕರ್ ಚೌಕಕ್ಕೆ ಬರುವಷ್ಟರಲ್ಲಿ ಮಗ ಅತ್ತು ಅತ್ತು ನಿದ್ದೆ ಹೋಗಿರುತ್ತಾನೆ. ಮನೆ ಸೇರಿ, ಎಬ್ಬಿಸಿ, ನಾಲ್ಕು ಚಮಚ ರಾಗಿ ಸರಿ ತಿನ್ನಿಸುವ ಹೊತ್ತಿಗೆ 8.30 ಆಗುತ್ತದೆ, ಕ್ಯಾಲಿಫೋರ್ನಿಯಾದವರ ಕರೆ. ಯಜಮಾನರದು ಚಾಕಣದಲ್ಲಿ ಎರಡನೆಯ ಪಾಳಿ, ಬರುವುದು ಮಧ್ಯರಾತ್ರಿ. ಮೈಕ್ ಬಂದ್ ಮಾಡಿ ಕಾಲಿನಿಂದ ತೊಟ್ಟಿಲು ತೂಗುತ್ತೇನೆ. ನನ್ನ ಹೆಸರು ಕೇಳಿದ ತಕ್ಷಣ ಕಾಲು ನಿಲ್ಲಿಸಿ ಮೈಕ್ ತೆರೆಯಬೇಕು. ಕಾಲು ನಿಂತರೆ ಅವನು ಎದ್ದ. ನವೆಂಬರಿನಲ್ಲಿ ಅಮೆರಿಕದವರು ಗಡಿಯಾರ ಹಿಂದಕ್ಕೆ ಸರಿಸಿದರೆ ಇದೇ ಕರೆ 9.30ಕ್ಕೆ ಹೋಗುತ್ತದೆ.

ಮ್ಯಾನೇಜರ್ ಕೆಟ್ಟವರಲ್ಲ. ‘ನಿಮಗೆ ಅನುಕೂಲವಾದಂತೆ ಮಾಡಿ’ ಎನ್ನುತ್ತಾರೆ, ಕರೆಯ ವೇಳೆ ಮಾತ್ರ ಅಲುಗುವುದಿಲ್ಲ. ವಾರವಿಡೀ ಮನೆಯಿಂದಲೇ ಕೆಲಸ ಕೇಳಲೇ? ಅರ್ಧ ಸಂಬಳಕ್ಕೆ ಅರ್ಧ ವೇಳೆ ಕೇಳಲೇ? ಕಾನೂನಿನಲ್ಲಿ ನನ್ನ ಪಾಲಿಗೆ ಏನಿದೆ?

ಖರಾಡಿಯ ಕುಂದಾಪುರದವಳು:

ನಾನು ಬಹಳ ವರ್ಷ ಎಚ್‌ಆರ್‌ನಲ್ಲಿದ್ದವಳು, ಆದ್ದರಿಂದ ಆ ಕಡೆಯ ಮಾತು ಹೇಳುತ್ತೇನೆ. ನೀವು ಪಟ್ಟಿ ಮಾಡಿದ್ದರಲ್ಲಿ ಕೆಲವು ಕಂಪನಿಯ ಔದಾರ್ಯವೇ ಅಲ್ಲ. 50 ಅಥವಾ ಹೆಚ್ಚು ನೌಕರರಿರುವಲ್ಲಿ ಕ್ರೆಶ್ ಇರಲೇಬೇಕು. ಅದು ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಿಂದ ಬಂತು. ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿ ಬರಬಹುದು, ವಿಶ್ರಾಂತಿಯ ವಿರಾಮವೂ ಆ ನಾಲ್ಕರಲ್ಲಿ ಸೇರುತ್ತದೆ. ಮಗುವಿಗೆ 15 ತಿಂಗಳು ತುಂಬುವವರೆಗೆ ಹಾಲೂಡಿಸಲು ದಿನಕ್ಕೆರಡು ವಿರಾಮಗಳೂ ಉಂಟು. ಆ ವೇಳೆಯನ್ನು ಕ್ಯಾಲೆಂಡರಿನಲ್ಲಿ ಎಲ್ಲರಿಗೂ ಕಾಣುವಂತೆ ಕಾಯ್ದಿರಿಸಿ. ‘ವೈಯಕ್ತಿಕ’ ಎಂದು ಬರೆದರೆ ಯಾರಾದರೂ ಅದರ ಮೇಲೆಯೇ ಮೀಟಿಂಗ್ ಹಾಕುತ್ತಾರೆ, ‘ಕ್ರೆಶ್’ ಎಂದೇ ಬರೆಯಿರಿ.

ಆದರೆ ರಜೆಯ ನಂತರ ಮನೆಯಿಂದ ಕೆಲಸ ಎಂಬುದು ಹಕ್ಕಲ್ಲ. ಕೆಲಸದ ಸ್ವರೂಪ ಹೊಂದಿದರೆ, ಎರಡೂ ಕಡೆಯವರು ಒಪ್ಪಿದರೆ ಮಾತ್ರ. ಸಿಕ್ಕರೂ ನಿಮಗೇನು ಬಂತು? ಎಂಟೂವರೆಯ ಕರೆ ಮನೆಗೂ ಬರುತ್ತದೆ. ಅರ್ಧ ವೇಳೆಯ ಮಾತನ್ನಂತೂ ಎತ್ತಲೇಬೇಡಿ. ಸಂಬಳ ಅರ್ಧವಾಗುತ್ತದೆ, ಕೆಲಸ ಮುಕ್ಕಾಲಿಗೆ ನಿಲ್ಲುತ್ತದೆ, ಹೆಚ್ಚಾದ ಆ ಕಾಲು ಪಾಲು ಸಂಜೆಯ ಕರೆಯೇ ಆಗಿರುತ್ತದೆ. ಕೇಳಬೇಕಾದದ್ದು ಒಂದೇ: ಆ ಕರೆಯ ವೇಳೆ ಬದಲಿಸಿ. ನಮ್ಮ ಬೆಳಗಿನ 7.30 ಈಗ ಅವರ ಸಂಜೆ 7. ವಾರಕ್ಕೆ ಎರಡು ದಿನ ಅವರು ಸಂಜೆ ಕೂರಲಿ, ಉಳಿದ ದಿನ ನಿಮ್ಮ ವರದಿಯನ್ನು ಬರಹದಲ್ಲಿ ಕಳುಹಿಸಿ. ಬಾಯಿಮಾತು ಬೇಡ, ಇಮೇಲ್ ಬರೆಯಿರಿ.

ಚಿಂಚವಡದ ಹಳಬ:

ತಂಗಿ, ನಾನು ವಿಜಯಪುರದ ಕಡೆಯವನು, ಪಿಂಪರಿಯ ವಾಹನ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ನಮ್ಮ ಕಾಲದಲ್ಲಿ ಯೋಗವೂ ಇರಲಿಲ್ಲ, ಸಹಾಯವಾಣಿಯೂ ಇರಲಿಲ್ಲ. ಭೋಂಗಾ, ಅಂದರೆ ಕಾರ್ಖಾನೆಯ ಸೈರನ್, ಆಯಿತೆಂದರೆ ಕೆಲಸ ಮುಗಿಯಿತು. ಆಗಿನ ಕಾರ್ಖಾನೆ ಕಾಯ್ದೆಯಲ್ಲಿ ವಾರಕ್ಕೆ 48 ಗಂಟೆ, ಮೀರಿದರೆ ದುಪ್ಪಟ್ಟು ಕೂಲಿ. ಫೋರ್‌ಮನ್ ರಾತ್ರಿ ಮನೆಗೆ ಬಂದು ಕೆಲಸದ ಮಾತು ತೆಗೆದಿದ್ದರೆ ಯೂನಿಯನ್ನಿನವರು ಮರುದಿನ ಗೇಟಿನಲ್ಲಿ ನಿಲ್ಲುತ್ತಿದ್ದರು. ಕಾರ್ಖಾನೆಯ ನಮ್ಮ ವಿಭಾಗದಲ್ಲಿ ಹೆಣ್ಣುಮಕ್ಕಳೇ ಇರಲಿಲ್ಲ, ಆ ಮಾತು ಬೇರೆ. ಮಕ್ಕಳನ್ನು ನೋಡಿಕೊಂಡವಳು ನಮ್ಮ ಮನೆಯಾಕೆ, ಅವಳಿಗೆ ಯಾವ ಭೋಂಗಾವೂ ಇರಲಿಲ್ಲ.

ನಿನ್ನ ಯಜಮಾನರಿಗೆ ಪಾಳಿ ಬದಲಿಸಿಕೊಳ್ಳಲು ಹೇಳಿದ್ದೀಯಾ? ಎಲ್ಲರೂ ನಿನ್ನ ಕಂಪನಿಯನ್ನೇ ಹಿಡಿದುಕೊಂಡಿದ್ದಾರೆ.

ಬಾಣೇರಿನವ:

ಮೇಲಿನ ಕೊನೆಯ ಸಾಲಿಗೆ ನನ್ನ ಕೈಯೂ ಮೇಲೆ. ನಮ್ಮ ಕಂಪನಿಯಲ್ಲಿ ಕ್ರೆಶ್‌ನಿಂದ ಮಗುವನ್ನು ಕರೆದೊಯ್ಯಲು ಬರುವ ಗಂಡಸು ನಾನೊಬ್ಬನೇ. ಕಾವಲುಗಾರ ಇಂದಿಗೂ ಗುರುತಿನ ಚೀಟಿ ಕೇಳುತ್ತಾನೆ.

ವಾಕಡದ ಧಾರವಾಡದವಳು:

ಎಲ್ಲರಿಗೂ ವಂದನೆಗಳು. ಕಾಕಾ, ಪಾಳಿಯ ಮಾತನ್ನು ನಿನ್ನೆ ರಾತ್ರಿಯೇ ತೆಗೆದೆ. ಮೊದಲ ಪಾಳಿಗೆ ಅರ್ಜಿ ಕೊಡುತ್ತೇನೆ ಎಂದಿದ್ದಾರೆ; ಮುಖ ನೋಡಿದರೆ ಇದುವರೆಗೆ ಅದು ಹೊಳೆದೇ ಇರಲಿಲ್ಲ ಅನ್ನಿಸಿತು. ಅಕ್ಕಾ, ಇಮೇಲ್ ಬರೆದಿಟ್ಟಿದ್ದೇನೆ. ಮ್ಯಾನೇಜರಿಗೆ ಕಳುಹಿಸುವ ಮೊದಲು ಕ್ಯಾಲಿಫೋರ್ನಿಯಾದ ಸಹೋದ್ಯೋಗಿಯನ್ನು ಒಂದು ಮಾತು ಕೇಳಬೇಕು. ಅವಳಿಗೂ ಇಬ್ಬರು ಚಿಕ್ಕ ಮಕ್ಕಳು, ಸಂಜೆ ಏಳೆಂದರೆ ಅವರನ್ನು ಮಲಗಿಸುವ ಹೊತ್ತು.